ಪಾಚಿಯ ಮೇಲಿನ ಹಿಮ್ಮಡಿ

ದೀಪದ ಸುತ್ತ ಒಂದು ಗುಂಗಾಡು ಸುತ್ತುತ್ತಿದೆ, ಬಾಯೊಳಕ್ಕೆ ಬಿದ್ದರೆ ಏನು ಗತಿ ಅಂತ ಮುದ್ದಯ್ಯ ಅದನ್ನೇ ನೋಡುತ್ತಿದ್ದಾನೆ, ಬಾಯಿ ಮುಚ್ಚೋಣವೆಂದರೆ ಮುಚ್ಚುವಂತಿಲ್ಲ, ಡಾಕ್ಟರಮ್ಮನ ಎರಡು ಬೆರಳು ಒಳಗಿವೆ, ಬೆರಳ ಜೊತೆ ಒಂದು ಪುಟ್ಟ ಕನ್ನಡಿ, ಕನ್ನಡಿಯ ಜೊತೆ ಒಂದು ಕೊಕ್ಕೆ, ಆ ಕೊಕ್ಕೆ ಕೆಳಹಲ್ಲಿನ ಹಿಂಬದಿಯಲ್ಲಿ ಕರಕರ ಕೆರೆಯುತ್ತಿದೆ, ತಳ ಹತ್ತಿದ ಮುದ್ದೆ ಪಾತ್ರೆಯನ್ನು ತಲೆಬುರುಡೆಯೊಳಗೇ ಇಟ್ಟುಕೊಂಡು ಯಾರೋ ಉಜ್ಜಿದ ಹಾಗೆ — ಇನ್ನೂ ಅಗಲಕ್ಕೆ ತೆಗೀರಿ ಮುದ್ದಯ್ಯನೋರೆ, ವಾಲಗ ಊದೋರಿಗೆ ಬಾಯಿ ತೆಗೆಯೋದು ನಾನು ಹೇಳ್ಕೊಡಬೇಕಾ, ಅಂತಾಳೆ ಡಾಕ್ಟರಮ್ಮ, ಹೊರಗೆ ಬೋರ್ಡಿನ ಮೇಲೆ ಅನು ಅಂತ ಎರಡೇ ಅಕ್ಷರ, ತಂಗಿ ಮಗಳ ವಯಸ್ಸು ಇದ್ದೀತು, ಬೆರಳು ಮಾತ್ರ ಕಬ್ಬಿಣ. ವಾಲಗ ಊದುವಾಗ ಬಾಯಿ ತೆಗೆಯಲ್ಲ ಕಣವ್ವ, ಮುಚ್ಚುತ್ತೀವಿ, ತುಟಿಯನ್ನು ಹಲ್ಲಿಗೆ ಒತ್ತಿ, ಆ ಒತ್ತಿನ ನಡುವೆ ಪೀಪಿಯನ್ನು ಹಿಡಿದು, ಹಲ್ಲು ಗೋಡೆ, ತುಟಿ ಬಾಗಿಲು, ಗೋಡೆಯೇ ಬಿದ್ದರೆ ಬಾಗಿಲು ಎಲ್ಲಿ ನಿಂತೀತು — ಇಷ್ಟೂ ಹೇಳಬೇಕು ಅನ್ನಿಸಿತು, ಬಾಯಿಂದ ಆ ಆ ಅನ್ನುವುದು ಬಿಟ್ಟು ಏನೂ ಹೊರಡಲಿಲ್ಲ. ಕಣ್ಣನ್ನು ದೀಪದಿಂದ ಕಿತ್ತು ಪಕ್ಕಕ್ಕೆ ಹೊರಳಿಸಿದ. ಬಾಗಿಲಿಗೆ ಹಸಿರು ಪರದೆ ಕಟ್ಟಿದ್ದಾರೆ, ಬಟ್ಟೆ ಸಾಲದೆ ಮೊಣಕಾಲಿನ ಮಟ್ಟಕ್ಕೇ ನಿಂತಿದೆ, ಅದರ ಕೆಳಗೆ ಆಚೆಯ ಬೆಂಚಿನ ಕಾಲು, ಬೆಂಚಿನ ಕಾಲಿನ ಪಕ್ಕ ಹೆಂಡತಿ ಮಂಚಮ್ಮನ ಕಾಲು. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟವಳೆ. ಕಾಲುಂಗುರ ಸವೆದು ದಾರದ ಹಾಗಾಗಿದೆ, ಹಿಮ್ಮಡಿ ಒಡೆದು ಬೇಸಿಗೆಯ ಗದ್ದೆ ಬಿರಿದ ಹಾಗೆ, ಬೆಂಚಿನ ಅಡಿಗೆ ಮಡಿಸಿಕೊಂಡು, ಮುಖ ಯಾವ ಕಡೆಗಿದೆಯೋ ಕಾಣದು. ಬೀದಿಯ ಕಡೆಗೇ ಇದ್ದೀತು. ಈ ಕಡೆಗಂತೂ ಇರಲಾರದು. ಈ ಕಡೆಗೆ ಮುಖ ತಿರುಗಿಸಿ ಅವಳು ಯಾವ ಕಾಲವಾಯಿತು.

ಲವಂಗದೆಣ್ಣೆಯ ವಾಸನೆ. ಹತ್ತಿಯಲ್ಲಿ ಅದ್ದಿ ಒಸಡಿಗೆ ಇಟ್ಟಳಲ್ಲ, ಅದು. ಲವಂಗ ಅಂದರೆ ಎಲೆಯಡಿಕೆ, ಎಲೆಯಡಿಕೆ ಅಂದರೆ ಸಿಂಧಘಟ್ಟದ ಮಾವನ ಮನೆ ಜಗಲಿ, ಎಲೆಗೆ ಸುಣ್ಣ ಸವರಿ ಲವಂಗ ಚುಚ್ಚಿ ಕೊಡುತ್ತಿದ್ದ ಹೊಸ ಹೆಂಡತಿಯ ಬೆರಳು, ಅತ್ತೆ ಒಳಕ್ಕೆ ಹೋದದ್ದೇ ತಡ ಅವನು ಅಗಿದು ಅರ್ಧವನ್ನು ತುಟಿಯಿಂದಲೇ ಮುಂದಕ್ಕೆ ಚಾಚುತ್ತಿದ್ದ, ಅವಳು ಆ ಕಡೆ ಈ ಕಡೆ ನೋಡಿ ಥೂ ಎಂಜಲು ಅನ್ನುತ್ತಲೇ ಬಾಯಲ್ಲೇ ತೆಗೆದುಕೊಳ್ಳುತ್ತಿದ್ದಳು — ಎಂಜಲು ಅಂದರೆ ಬರೀ ಎಂಜಲಲ್ಲ ನೋಡಿ, ಅಂತ ಶುರು ಮಾಡಿದಳು ಡಾಕ್ಟರಮ್ಮ ಈಗ ತುಸು ಹೊತ್ತಿನ ಮುಂಚೆ, ಕೊಕ್ಕೆಯ ತುದಿಗೆ ಬಂದ ಹಳದಿ ಲೋಳೆಯನ್ನು ಅವನ ಕಣ್ಣ ಮುಂದೆ ಹಿಡಿದು, ಇದನ್ನು ಕೊಳೆ ಅಂದ್ಕೋಬೇಡಿ, ಇದು ಊರು. ಹಲ್ಲುಜ್ಜಿ ಬಾಯಿ ತೊಳೆದ ಗಳಿಗೆಯಿಂದಲೇ ಎಂಜಲಿನ ತೆಳ್ಳನೆ ಪೊರೆ ಹಲ್ಲಿನ ಮೇಲೆ ಕೂತ್ಕೊಳ್ಳುತ್ತೆ, ಕಣ್ಣಿಗೆ ಕಾಣದ ಕ್ರಿಮಿಗಳು ಬಂದು ಅದಕ್ಕೆ ಅಂಟ್ಕೋತವೆ, ಅವುಗಳ ಬೆನ್ನಿಗೆ ಬೇರೆ ಜಾತಿಯವು, ಎಲ್ಲ ಸೇರಿ ಅಂಟಂಟು ಲೋಳೆ ಬಿಟ್ಕೊಂಡು ಅದರೊಳಗೇ ಮನೆ ಮಾಡ್ಕೋತವೆ, ನೀವು ಉಪ್ಪುನೀರು ಹಾಕಿ ಎಷ್ಟು ಮುಕ್ಕಳಿಸಿದ್ರೂ ಮೇಲೆ ಓಡಾಡೋವು ಹೋಗ್ತವೆ, ಒಳಗೆ ಕೂತಿರೋವಕ್ಕೆ ಗೊತ್ತೇ ಆಗಲ್ಲ, ಹೊಳೆ ಕಲ್ಲಿನ ಮೇಲೆ ಪಾಚಿ ನೋಡಿದ್ದೀರಲ್ಲ, ಹಗಲೂ ರಾತ್ರಿ ನೀರು ಹರಿಯುತ್ತೆ, ನೀರಿಗೆ ಪಾಚಿ ಹೋಗುತ್ತಾ, ಹೇಳಿ. ಹೋಗಲ್ಲ. ಹೋಗಲ್ಲ ಅಂತ ಮುದ್ದಯ್ಯನಿಗೆ ಗೊತ್ತು. ಗಂಜಾಂನಲ್ಲಿ, ನಿಮಿಷಾಂಬನ ಗುಡಿ ಕೆಳಗೆ, ಕಾವೇರಿಗಿಳಿಯುವ ಮೆಟ್ಟಿಲಲ್ಲಿ — ಮದುವೆಯಾದ ಹೊಸದು, ಪೂಜೆ ಮುಗಿಸಿ ಕಾಲಿಗೆ ನೀರು ಹಾಕಿಕೊಳ್ಳೋಣ ಅಂತ ಇಳಿದವಳು, ನೋಡ್ಕಂಡು ಕಣಮ್ಮಿ ಪಾಚಿ ಐತೆ ಅನ್ನುವಷ್ಟರಲ್ಲಿ ಜಾರೇಬಿಟ್ಟಳು, ಅವನು ರಟ್ಟೆ ಹಿಡಿದ, ಅವಳು ಕಿರುಚಲಿಲ್ಲ, ನಕ್ಕಳು, ಬಾಯಿ ತುಂಬ, ಎಲ್ಲ ಹಲ್ಲೂ ಕಾಣುವ ಹಾಗೆ, ಮುಖ ಇವನ ಮುಖಕ್ಕೆ ತಾಕುವಷ್ಟು ಹತ್ತಿರ, ಬುಡು ಕೈಯ ಜನ ನೋಡ್ತಾವ್ರೆ ಅಂದಳು, ಬಿಡಲಿಲ್ಲ. ಕೆಳಗೆ ನೋಡಿದರೆ ಹಸಿರು ಪಾಚಿಯ ನಡುವೆ ಅವಳ ಹಿಮ್ಮಡಿ ಎಳೆದ ಗೀರು, ಗೇಣುದ್ದ, ಅಲ್ಲಿ ಮಾತ್ರ ಕಲ್ಲು ಬೆಳ್ಳಗೆ, ಈಗ ತಾನೇ ಕಡೆದಿಟ್ಟ ಹಾಗೆ. ಇಷ್ಟು ಬೆಳ್ಳಗಿನ ಕಲ್ಲು ಈ ಕೊಳಕಿನಡಿಗೆ ಇತ್ತಾ ಅಂತ ಆವತ್ತು ಆಶ್ಚರ್ಯಪಟ್ಟದ್ದು ಇವತ್ತಿಗೂ ನೆನಪು.

ಉಗೀರಿ, ಅಂದಳು ಡಾಕ್ಟರಮ್ಮ. ಎದ್ದು ಬೇಸಿನ್ನಿಗೆ ಉಗಿದ, ಕೆಂಪು. ಈ ಕೆಂಪು ಹೊಸದಲ್ಲ. ಮೊದಲು ಪೀಪಿಯ ತುದಿಯಲ್ಲಿ ಕಂಡಿತ್ತು, ಜೊಂಡು ಸೀಳಿ ಕಟ್ಟಿದ ಪೀಪಿ, ವಾಲಗದ ಬಾಯಿಗೆ ಸಿಕ್ಕಿಸಿ ಊದುವುದು ಅದನ್ನೇ, ಎಲೆಯಡಿಕೆ ಕೆಂಪು ಅಂದುಕೊಂಡ, ಆಮೇಲೆ ಹಲ್ಲುಜ್ಜುವಾಗಲೂ ಬಂತು, ಇದ್ದಿಲು ಉಪ್ಪು ಬೆರೆಸಿದ ಪುಡಿ, ಬೆರಳಿಗೆ ರಕ್ತ, ರಕ್ತ ಬರುವ ಜಾಗವನ್ನು ಮುಟ್ಟಬಾರದು ಅಂತ ಯಾರಾದರೂ ಹೇಳಿಯಾರು, ಎತ್ತಿನ ಹೆಗಲು ಹುಣ್ಣಾದರೆ ನೊಗ ಹೂಡುತ್ತೀವಾ, ಹಾಗೆ ಅಂದುಕೊಂಡು ಆ ಜಾಗ ಬಿಟ್ಟು ಮಿಕ್ಕ ಕಡೆ ಉಜ್ಜಿದ, ಎದುರಿಗೆ ಕಾಣುವ ಕಡೆ ಫಳಫಳ, ಹಿಂದೆ ಬಿಟ್ಟದ್ದು ಬಿಟ್ಟೇ ಹೋಯಿತು. ಅಲ್ಲೇ ತಪ್ಪಿದ್ದು ಮುದ್ದಯ್ಯನೋರೆ ಅಂತಾಳೆ ಈಕೆ, ರಕ್ತ ಬರುತ್ತೆ ಅಂತ ಉಜ್ಜೋದು ಬಿಡ್ತಾರೆ ಎಲ್ಲರೂ, ಲೋಳೆ ಇರೋದಕ್ಕೇ ಒಸಡು ಊದಿ ರಕ್ತ ಬರೋದು, ಉಜ್ಜೋದು ಬಿಟ್ರೆ ಲೋಳೆ ಹೆಚ್ಚುತ್ತೆ, ಹೆಚ್ಚಿದ್ದು ಎಂಜಲಿನ ಸುಣ್ಣ ಹಿಡಿದು ಕಲ್ಲಾಗುತ್ತೆ, ಕಲ್ಲಿನ ಮೇಲೆ ಇನ್ನಷ್ಟು ಲೋಳೆ ಸಲೀಸಾಗಿ ಕೂರುತ್ತೆ. ಕಲ್ಲು ಅಂದದ್ದು ಕೇಳಿ ಅವನಿಗೆ ಹೊನ್ನಪ್ಪ ನೆನಪಾದ, ಡೋಲಿನ ಹೊನ್ನಪ್ಪ, ಹುಡುಗರಾಗಿದ್ದಾಗಿಂದ ಜೊತೆಗಿರುವವನು, ಅಲ್ಲು ಕಿಲೀನ್ ಗಿಲೀನ್ ಅಂತ ಓಗ್ಬುಟ್ಟೀಯ ಕಣ್ಲಾ ಮುದ್ದ, ನಮ್ ಭಾವ ಚಿಕ್ಕಮಾದಯ್ಯ ಮಾಡುಸ್ದ, ಕಲ್ಲು ತಗುದ್ರು, ಒಂದೊರ್ಸಕ್ಕೆ ನಾಕು ಅಲ್ಲು ಉದುರೋದ್ವು, ಈಗ ಚಕ್ಲಿನ ನೀರ್ನಲ್ಲಿ ನೆನಾಕ್ಕಂಡು ತಿಂತಾವ್ನೆ. ಅದನ್ನು ಹೇಳಿದರೆ ಈಕೆ ನಕ್ಕಳು. ಕಲ್ಲು ತೆಗೆದಿದ್ದಕ್ಕೆ ಉದುರಲಿಲ್ಲ, ಒಳಗೆ ಮೂಳೆ ಆಗಲೇ ಕರಗಿತ್ತು, ಕಲ್ಲೇ ಗಾರೆ ಹಾಗೆ ಹಿಡ್ಕೊಂಡಿತ್ತು, ನಿಮ್ಮ ಈ ಎರಡು ಹಲ್ಲು ನಿಲ್ಲುತ್ತವೋ ಇಲ್ಲವೋ ಕಲ್ಲು ಬಂದ ಮೇಲೇ ಗೊತ್ತಾಗೋದು, ಸುಳ್ಳು ಹೇಳಲ್ಲ. ಸುಳ್ಳು ಹೇಳಿದ್ದರೇ ಚೆನ್ನಾಗಿತ್ತು. ಎರಡು ಹಲ್ಲು, ಸರಿಯಾಗಿ ಪೀಪಿ ಕೂರುವ ಕಡೆ. ಹೋದರೆ ವಾಲಗ ಹೋಯಿತು, ವಾಲಗ ಹೋದರೆ — ಕರಕರ, ಕರಕರ — ವಾಲಗ ಹೋದರೆ ಅವಳು ಯಾಕೆ ತಿರುಗಿಯಾಳು.

ಯಾಕೆಂದರೆ ಅವಳು ಮದುವೆಗೆ ಒಪ್ಪಿದ್ದು ಮುಖಕ್ಕಲ್ಲ, ವಾಲಗಕ್ಕೆ, ಸಿಂಧಘಟ್ಟದಲ್ಲಿ ಅವಳ ದೊಡ್ಡಪ್ಪನ ಮಗಳ ಧಾರೆ, ಇವನು ಊದುತ್ತಿದ್ದ, ಕಂಬದ ಹಿಂದೆ ನಿಂತು ಕೇಳಿದಳಂತೆ, ಊದೋನು ಯಾರು ಅಂತ ವಿಚಾರಿಸಿದ್ದಳಂತೆ, ಎಷ್ಟೋ ವರ್ಷ ಆದ ಮೇಲೆ ಅವಳೇ ಬಾಯಿಬಿಟ್ಟದ್ದು. ಆ ಮಂಚಮ್ಮ ಈಗ ಚಾಪೆಯ ಮೇಲೆ ಒರಗಿದರೆ ಮುಖ ಗೋಡೆಗೆ. ಮೊದಮೊದಲು ಸೆಕೆ ಅಂದುಕೊಂಡ. ಚಳಿಗಾಲ ಬಂತು, ಆಗಲೂ ಗೋಡೆಗೇ. ಕಿವಿಯ ಓಲೆ, ಕುತ್ತಿಗೆಯ ಹಿಂದಿನ ಮಚ್ಚೆ, ಜಡೆಯ ಬುಡದ ನರೆ, ಇಷ್ಟೇ ಅವನ ಪಾಲು. ಕೋಪವಿದ್ದರೆ ಬೈಯಬೇಕು, ಬೈಯಲೂ ಇಲ್ಲ, ಹೊತ್ತಿಗೆ ಸರಿಯಾಗಿ ಮುದ್ದೆ, ಸೊಪ್ಪಿನ ಸಾರು, ತಲೆಗೆ ಎಣ್ಣೆ, ಎಲ್ಲ ಇದೆ, ಎಣ್ಣೆ ಹಚ್ಚುವಾಗ ಮಾತ್ರ ಬೆನ್ನ ಹಿಂದೆ ನಿಲ್ಲುತ್ತಾಳೆ. ತಲೆ ಕೆಡಿಸಿಕೊಂಡು ಯೋಚಿಸಿದ, ಅವಳ ತಮ್ಮನ ಗೃಹಪ್ರವೇಶಕ್ಕೆ ಹೋಗಲಿಲ್ಲವಲ್ಲ, ಅದೇ ದಿನಕ್ಕೆ ಪಾಂಡವಪುರದ ಛತ್ರದಲ್ಲಿ ವಾಲಗಕ್ಕೆ ವೀಳ್ಯ ಒಪ್ಪಿಕೊಂಡುಬಿಟ್ಟಿದ್ದ, ಅದಕ್ಕೇ ಇರಬೇಕು ಅಂತ ಸೀರೆ ತಂದ, ಸೀರೆ ಉಟ್ಟಳು, ಸಿಂಧಘಟ್ಟಕ್ಕೆ ಕರೆದುಕೊಂಡು ಹೋದ, ಬಸ್ಸಿನಲ್ಲಿ ಪಾಂಡವಪುರ ದಾಟಿ ಕೆ.ಆರ್. ಪೇಟೆ ಮುಟ್ಟುವವರೆಗೂ ಕಿಟಕಿಯಾಚೆಗೆ ಮುಖ ಹಾಕಿ ಕೂತಿದ್ದಳು, ಕಬ್ಬಿನ ಗದ್ದೆಯಲ್ಲಿ ಅಂಥಾದ್ದೇನಿದೆ ನೋಡೋಕೆ ಅಂತ ಕೇಳಿದ, ಗಾಳಿ ಚೆನ್ನಾಗದೆ ಅಂದಳು. ಗಾಳಿ ಚೆನ್ನಾಗದೆ. ಆಮೇಲೆ ಸೆರಗಿನ ಗಂಟು ಬಿಚ್ಚಿ ಲವಂಗ ಕೊಟ್ಟಳು, ತಗೋ, ಸ್ವರಕ್ಕೆ ಒಳ್ಳೇದು. ಹೊನ್ನಪ್ಪನೂ ಈಗೀಗ ಲವಂಗ ಕೊಡುತ್ತಾನೆ, ಗಂಟ್ಲಿಗೆ ಒಳ್ಳೇದು ಆಕ್ಕಳ್ಲಾ ಅಂತ. ಎಲ್ಲರಿಗೂ ನನ್ನ ಗಂಟಲಿನ ಮೇಲೆ ಎಷ್ಟು ಪ್ರೀತಿ ಅಂದುಕೊಂಡಿದ್ದ. ಕೊನೆಗೆ ಪಾಂಡವಪುರದಲ್ಲೇ ಇನ್ನೊಂದು ಧಾರೆ, ಪುರೋಹಿತರು ಗಟ್ಟಿಮೇಳ ಗಟ್ಟಿಮೇಳ ಅಂತ ಕೈಯೆತ್ತಿದರು, ತಾಳಿ ಕಟ್ಟುವ ಗಳಿಗೆ, ಯಾರ ಸೀನೂ ಯಾರ ಅಪಶಕುನದ ಮಾತೂ ಕೇಳಿಸಬಾರದು ಅಂತಲೇ ಅಲ್ಲವಾ ವಾಲಗದವರನ್ನು ಕರೆಸುವುದು, ಉಸಿರು ತುಂಬಿ ಒತ್ತಿದ — ಹಲ್ಲು ಅಲ್ಲಾಡಿತು, ತುಟಿ ಸಡಿಲವಾಯಿತು, ಪೀಪಿ ಜಾರಿತು, ಸ್ವರದ ಬದಲಿಗೆ ಬುಸ್. ಹೊನ್ನಪ್ಪ ಡೋಲು ಹರಿದುಹೋಗುವ ಹಾಗೆ ಬಡಿದು ಮಾನ ಉಳಿಸಿದ, ಊಟದ ಪಂಕ್ತಿಯಲ್ಲಿ ಪಕ್ಕದವರಿಗೂ ಕೇಳುವ ಹಾಗೆ ಅಂದ, ಏನ್ಲಾ ಮುದ್ದ, ವಾಲ್ಗದೊಳೀಕೆ ನಾಗ್ರಾವು ಸಾಕಂಡಿದ್ದೀಯೇನ್ಲಾ. ಎಲ್ಲರೂ ನಕ್ಕರು, ಇವನೂ ನಕ್ಕ, ಹುಡುಗನ ಕಡೆಯ ಯಾರೋ, ಮುಂದಿನ ಸಲ ಕ್ಯಾಸೆಟ್ಟೇ ಹಾಕಿದರಾಯ್ತು ಅಂದದ್ದು ಕಿವಿಗೆ ಬಿತ್ತು. ಮನೆಗೆ ಬಂದು ಹೇಳಿದ, ಹೇಳಬಾರದು ಅಂದುಕೊಂಡೇ ಹೇಳಿದ. ಮಂಚಮ್ಮ ಒಲೆಯ ಮುಂದೆ ಕೂತಿದ್ದವಳು ಎದ್ದು ನಿಂತಳು, ನಿನ್ ಸ್ವರ ಸೋರ್ತಾದೆ ಕಣೋ, ನಂಗೂ ಗೊತ್ತಾಯ್ತದೆ, ಹಲ್ಲಿನ ಸಂದೀಲಿ ಸೋರ್ತಾದೆ, ಪಟ್ಣದಲ್ಲಿ ಹೊಸ ಡಾಕ್ಟ್ರಮ್ಮ ಬಂದವ್ರಂತೆ, ತೋರ್ಸ್ಕಂಡು ಬಂದ್ಬುಡವ, ನಾನೂ ಬತ್ತೀನಿ. ಹೇಳಿದ್ದು ಬೆನ್ನು ತಿರುಗಿಸಿಕೊಂಡೇ. ಸರಿ, ಅಂತೂ ಕಾರಣ ಸಿಕ್ಕಿತು, ಸ್ವರ ಹೋದದ್ದಕ್ಕೇ ಅವಳೂ ಹೋದದ್ದು, ಕಂಬದ ಹಿಂದೆ ನಿಂತು ಕೇಳಿದ ಕಿವಿ ಅಲ್ಲವಾ, ಸೋರುವ ಸ್ವರವನ್ನು ಹೇಗೆ ತಡೆದೀತು. ಕಿರಂಗೂರಿನಿಂದ ಪಟ್ಟಣಕ್ಕೆ ಬರುವಾಗಲೂ ಅದೇ ಯೋಚನೆ, ಹಲ್ಲು ನಿಂತರೆ ಸ್ವರ, ಸ್ವರ ಬಂದರೆ ಅವಳು.

ಟಕ್. ಏನೋ ಮುರಿಯಿತು. ಹಲ್ಲೇ ಬಂತು, ಬಂದೇಬಿಟ್ಟಿತು, ಮುಗಿಯಿತು — ಹೆದರಬೇಡಿ, ಕಲ್ಲು, ಅಂದಳು ಡಾಕ್ಟರಮ್ಮ, ಕಬ್ಬಿಣದ ತಟ್ಟೆಗೆ ಟಣ್ ಅಂತ ಬಿದ್ದದ್ದು ಹುರುಳಿಕಾಳಿನಷ್ಟು ದಪ್ಪ, ಕಂದು ಬಣ್ಣ. ನಾಲಿಗೆ ತಡೆಯಲಾರದೆ ಅಲ್ಲಿಗೆ ಹೋಯಿತು, ಹಲ್ಲಿನ ಹಿಂದೆ ನುಣುಪು, ಬರಿದು, ಯಾರದೋ ಬಾಯಿಗೆ ನಾಲಿಗೆ ಹಾಕಿದ ಹಾಗೆ, ಹಲ್ಲು ಅಲ್ಲಾಡುತ್ತದೆ, ಆದರೆ ಇದೆ, ಇದೆ. ನಾಲಿಗೆ ತೆಗೀರಿ ಅಡ್ಡ ಬರ್ತಿದೆ ಅಂತ ಗದರಿಸಿ ಆಕೆ ಅವನ ಅಂಗಿ ಜೇಬಿನಿಂದ ಮೊದಲೇ ತೆಗೆಸಿಟ್ಟಿದ್ದ ನಶ್ಯದ ಡಬ್ಬಿಯನ್ನು ತೋರಿಸಿದಳು, ಅದರಲ್ಲಿ ಪೀಪಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು, ಇದನ್ನ ಯಾವತ್ತಾದ್ರೂ ತೊಳೆದಿದ್ದೀರಾ. ತೊಳೆಯುವುದೇ. ಪೀಪಿಗೆ ಬಾಯ್ನೀರೇ ಗಂಗೆ ಕಣ್ಲಾ ಅಂತ ಅಪ್ಪ ಹೇಳಿದ್ದ, ಹೊಳೆನೀರು ಸೋಕಿದರೆ ಸ್ವರ ಸಾಯ್ತದೆ ಅಂತ, ಅಪ್ಪನ ಅಪ್ಪನೂ ಹಾಗೇ, ಪಳಗಿದ ಪೀಪಿ ಅಂದರೆ ಮನೆಯ ಮಗನಿದ್ದ ಹಾಗೆ. ಆಕೆ ದೀಪದ ಕೆಳಗೆ ಹಿಡಿದಳು, ಜೊಂಡಿನ ಎರಡು ಎಲೆಗಳ ನಡುವೆ, ಉಸಿರು ಹೋಗುವ ದಾರಿಯಲ್ಲಿ, ಅದೇ ಹಳದಿ, ಅದೇ ಲೋಳೆ. ಬಾಯಲ್ಲಿರೋ ಊರೇ ಇಲ್ಲೂ ಇದೆ ನೋಡಿ, ನಾನಿಲ್ಲಿ ಎಷ್ಟು ಉಜ್ಜಿ ಕಳಿಸಿದ್ರೂ ಸಂಜೆಗೆ ಇದನ್ನ ಬಾಯಿಗಿಟ್ರೆ ಮತ್ತೆ ಒಕ್ಕಲು ಬರ್ತವೆ, ಹೊಸ ಪೀಪಿ ಕಟ್ಕೊಳ್ಳಿ, ಊದಿದ ಮೇಲೆ ತೊಳೆದು ಗಾಳಿಗೆ ಒಣಗಿಸಿ ಇಡಿ, ಹಲ್ಲೂ ಅಷ್ಟೇ, ದಿನಾ ಕಟ್ಕೊಳ್ಳುತ್ತೆ, ದಿನಾ ಉಜ್ಜಬೇಕು, ಮಲಗೋ ಮುಂಚೆ ಒಂದು ಸಲ, ನಾಲಿಗೆ ಮೇಲೂ. ಮತ್ತೆ ಬಗ್ಗಿದಳು, ಮತ್ತೆ ಕರಕರ, ಕೆಲಸದ ಗಮನದಲ್ಲೇ, ಸಾರಿಗೆ ಉಪ್ಪು ಕಮ್ಮಿ ಅಂದಷ್ಟು ಸಲೀಸಾಗಿ ಅಂದಳು, ಪಾಪ ನಿಮ್ಮ ಮನೆಯವರು ಸಂಕ್ರಾಂತಿಗೆ ಮುಂಚೆಯಿಂದ ಓಡಾಡ್ತಿದ್ದಾರೆ, ತಮ್ಮ ಹಲ್ಲು ತೋರಿಸೋಕೆ ಅಂತ ಬಂದ್ರು, ನೋಡಿದ್ರೆ ಹಲ್ಲು ಚೆನ್ನಾಗೇ ಇವೆ, ಎದ್ದು ಹೋಗ್ತಾನೂ ಇಲ್ಲ, ಏನಮ್ಮ ಅಂದ್ರೆ ಆಮೇಲೆ ಹೇಳಿದ್ರು, ಬಾಯಿ ವಾಸನೆ, ನಮ್ಮನೆಯೋರ್ಗೆ ಹೆಂಗೆ ಯೋಳದು, ಯೋಳ್ದ್ರೆ ಇನ್ನು ವಾಲ್ಗಾನೇ ಮುಟ್ಟಕಿಲ್ಲ ಅಂತ — ನಿಮಗೆ ಹೇಳಿರ್ತಾರೆ ಅಂದ್ಕೊಂಡೆ. ಕೊಕ್ಕೆ ನಿಂತಿತು. ಹೇಳಿಲ್ವಾ.

ಬಾಯಿ ವಾಸನೆ. ಗಾಳಿ ಚೆನ್ನಾಗದೆ. ಸ್ವರಕ್ಕೆ ಒಳ್ಳೇದು. ಗಂಟ್ಲಿಗೆ ಒಳ್ಳೇದು. ಬೆನ್ನ ಹಿಂದೆ ನಿಂತು ಹಚ್ಚಿದ ಎಣ್ಣೆ. ಬಾಯಿ ತೆರೆದೇ ಇತ್ತು, ಮುಚ್ಚಿಕೊಳ್ಳಲೂ ಆಗದು, ಮುಖಕ್ಕೆ ಟವಲು ಎಳೆದುಕೊಳ್ಳಲೂ ಆಗದು, ದೀಪ ಒಳಗಿನ ಗೂಡುಗೂಡನ್ನೂ ಬೆಳಗುತ್ತಿದೆ, ಹಬ್ಬದ ದಿನ ಊರೆಲ್ಲ ನೆರೆದಲ್ಲಿ ಪಂಚೆ ಜಾರಿದ ಹಾಗೆ. ಹೊನ್ನಪ್ಪನಿಗೂ ಗೊತ್ತಿತ್ತು, ಛತ್ರದವರಿಗೂ ಗೊತ್ತಿತ್ತೇನೋ, ಯಾವತ್ತೋ ಬಸ್ಸಿನಲ್ಲಿ ಪಕ್ಕದಿಂದ ಎದ್ದು ಹೋದವನಿಗೂ. ಸಿಟ್ಟು ಬಂತು, ಒಂದು ಮಾತು ಅಂದಿದ್ದರೆ ಏನಾಗುತ್ತಿತ್ತು, ಅಷ್ಟು ದೊಡ್ಡ ಮಾತೇ ಅದು, ಗಂಡನಿಗೆ ಹೇಳದೆ ಪರರ ಹತ್ತಿರ — ಸಿಟ್ಟು ಬಂದ ದಾರಿಯಲ್ಲೇ ಅರ್ಧಕ್ಕೆ ನಿಂತಿತು. ಅಂದಿದ್ದರೆ ಏನಾಗುತ್ತಿತ್ತು ಅಂತ ಅವನಿಗೇ ಗೊತ್ತು. ವಾಲಗವನ್ನು ಗೂಟಕ್ಕೆ ನೇತುಹಾಕುತ್ತಿದ್ದ. ಜಗಲಿಯಲ್ಲಿ ಮಲಗುತ್ತಿದ್ದ. ಅವಳ ಮುಂದೆ ಇನ್ನು ಸಾಯುವ ತನಕ ಬಾಯಿ ತೆರೆಯುತ್ತಿರಲಿಲ್ಲ. ಅದೆಲ್ಲ ಲೆಕ್ಕ ಹಾಕಿ ಅವಳು ಗೋಡೆಯ ಕಡೆಗೆ ತಿರುಗಿದ್ದಳು, ಗೋಡೆಗೆ ತಿರುಗಿದ್ದಳು, ಎದ್ದು ಬೇರೆ ಕಡೆ ಹೋಗಲಿಲ್ಲ, ಅದೇ ಚಾಪೆ, ಬೆನ್ನು ಇವನಿಗೆ ತಾಕಿಕೊಂಡೇ ಇರುತ್ತಿತ್ತು, ಹೌದು, ತಾಕಿಕೊಂಡೇ, ಅದನ್ನು ಇಷ್ಟು ದಿನ ಯಾಕೆ ನೋಡಲಿಲ್ಲ. ಸ್ವರ ಸೋರ್ತಾದೆ ಅಂದಳಲ್ಲ. ಸ್ವರದ ತಲೆಗೆ ಕಟ್ಟಿ ಇವನನ್ನು ಕಾಪಾಡಿದಳು. ಆಡದೆ ಬಿಟ್ಟ ಮಾತಿನ ಮೇಲೂ ಏನೋ ಕೂತುಕೊಳ್ಳುತ್ತದೆ, ದಿನ ಕಳೆದರೆ ಕಲ್ಲಾಗುತ್ತದೆ, ಅದನ್ನು ಕೆರೆಯುವ ಕೊಕ್ಕೆ ಈಕೆಯ ತಟ್ಟೆಯಲ್ಲಿದೆಯಾ. ಪರದೆಯ ಕೆಳಗೆ ಹಿಮ್ಮಡಿ. ಒಡೆದ ಹಿಮ್ಮಡಿ. ಗಂಜಾಂನಲ್ಲಿ ಜಾರಿದ್ದು ಅದೇ ಹಿಮ್ಮಡಿ, ಹಸಿರಿನ ಮೇಲೆ ಗೇಣುದ್ದ ಗೀರು —

ಮಂಚಮ್ಮನೋರೆ ಒಳಗೆ ಬನ್ನಿ, ಎಲ್ಲೆಲ್ಲಿ ಉಜ್ಜಿಸಬೇಕು ನೀವೇ ನೋಡ್ಕೊಳ್ಳಿ, ಇವರಿಗೆ ಕಾಣೋ ಜಾಗ ಅಲ್ಲ ಇದು, ಅಂತ ಕೂಗಿದಳು ಡಾಕ್ಟರಮ್ಮ, ಬೇಡ ಅನ್ನಬೇಕು, ಅವಳನ್ನು ಮಾತ್ರ ಕರೀಬ್ಯಾಡಿ, ಆ, ಆ — ಹಿಮ್ಮಡಿ ನೆಲದಿಂದ ಎದ್ದಿತು. ಕಾಲುಂಗುರ ಕಲ್ಲಿಗೆ ಸೋಕಿದ ಸದ್ದು. ಪರದೆ ಸರಿಯಿತು. ಉಸಿರು ಕಟ್ಟಿದ, ಎದೆಯ ತುಂಬ ಎಳೆದು ಕಟ್ಟಿದ, ಗಟ್ಟಿಮೇಳಕ್ಕೆ ಕಟ್ಟುವ ಹಾಗೆ, ಅವಳ ಮೇಲೆ ಒಂದು ಎಳೆ ಗಾಳಿಯೂ ಬೀಳಕೂಡದು, ಎಷ್ಟು ಹೊತ್ತು ಬೇಕಾದರೂ ಕಟ್ಟಿಯೇನು, ವಾಲಗದವನು. ದೀಪದ ಬೆಳಕಿನೊಳಕ್ಕೆ ಅವಳ ಮುಖ ಬಂತು, ಮೇಲಿಂದ, ತೀರಾ ಹತ್ತಿರ, ಸೆರಗು ಹೆಗಲ ಮೇಲೇ ಇದೆ, ಮೂಗಿನ ಮೇಲಿಲ್ಲ, ಹಣೆಯಲ್ಲಿ ಬೆವರು, ಕುಂಕುಮ ಸ್ವಲ್ಪ ಕರಗಿ ಹುಬ್ಬಿಗಿಳಿದಿದೆ, ಹುಬ್ಬಿನ ಪಕ್ಕ ಒಂದು ಗೆರೆ, ಇದು ಯಾವಾಗ ಬಂತು, ಇವನು ನೋಡದೆ ಇದ್ದಾಗ ಬಂದದ್ದು. ನೋಡಿ, ಇಲ್ಲಿ ಕಲ್ಲು ತೆಗೆದಿದ್ದೀನಿ, ಇಲ್ಲಿ ಇನ್ನೂ ಇದೆ, ಅಂತ ಕೊಕ್ಕೆಯ ತುದಿ ತೋರಿಸಿತು, ಹಲ್ಲು ಉಳಿಯುತ್ವಾ ಅಂದಳು ಮಂಚಮ್ಮ, ಈಗಲೇ ಹೇಳೋಕಾಗಲ್ಲ, ಉಜ್ಜಿದ್ರೆ ಉಳಿದಾವು, ಅಂದಳು ಆಕೆ. ಉಳೀದಿದ್ರೂ ಓಗ್ಲಿ ಬುಡಿ ಅಂದಳು ಮಂಚಮ್ಮ, ಇವನ ಕಣ್ಣನ್ನೇ ನೋಡುತ್ತ ಅಂದಳು, ಆಮೇಲೆ ಇನ್ನೂ ಬಗ್ಗಿದಳು, ಓಲೆ ಜೋಲಾಡಿತು, ಉಸ್ರು ಬುಡು, ಯಾಕಿಂಗೆ ಕಟ್ಕಂಡು ಸಾಯ್ತೀಯೆ, ಬುಡು. ತಲೆಯಾಡಿಸಿದ. ಬುಡು ಅಂದ್ರೆ, ಅಂದಳು. ಬಿಟ್ಟ. ಇಷ್ಟು ದಿನದ್ದೆಲ್ಲ ಒಟ್ಟಿಗೆ ಹೊರಬಿದ್ದ ಹಾಗೆ, ಲವಂಗ, ರಕ್ತ, ಲೋಳೆ, ಅವಳ ಮುಖಕ್ಕೇ, ಹಣೆಯ ಕೂದಲು ಅಲುಗಿತು, ಕಣ್ಣು ಮಿಟುಕಿತು, ಮುಖ ತಿರುಗಲಿಲ್ಲ, ತಿರುಗಲಿಲ್ಲ, ಡಾಕ್ಟರಮ್ಮ ಪುಟ್ಟ ಕನ್ನಡಿಯನ್ನು ವಾಲಿಸಿದಳು, ಕನ್ನಡಿಯಲ್ಲಿ ಅವನದೇ ಹಲ್ಲಿನ ಹಿಂಬದಿ, ಕಂದು, ಕಂದು, ನಡುವೆ ಕೊಕ್ಕೆ ಎಳೆದ ಒಂದು ಗೀರು, ಅಲ್ಲಿ ಮಾತ್ರ ಬೆಳ್ಳಗೆ, ಪಾಚಿ, ಹಿಮ್ಮಡಿ, ಕೈಯ ಬುಡು ಅಂದರೂ ಬಿಡದ ಕೈ, ಪಾಚಿಯ ನಡುವೆ ಗೇಣುದ್ದ ಬಿಳಿ ಕಲ್ಲು, ಬಿಳಿ ಕಲ್ಲು —